ಎಡಗಡೆಯ ಸವಾರ

ಫೆಬ್ರವರಿ 9, ಬೆಳಿಗ್ಗೆ 4.40
ತೂಕ 51.5. ಇನ್ನೂ ಅರ್ಧ ಕೆಜಿ ಇಳಿಯಬೇಕು. ಅರ್ಧ ಲೋಟ ಕಾಫಿ, ಸಕ್ಕರೆ ಇಲ್ಲ. ನೀವು ತಿನ್ನುವುದನ್ನು ಕಂಡರೆ ಗುಬ್ಬಿಯೂ ಪಾಪ ಅನ್ನುತ್ತದೆ ಅಂತ ಹೆಂಡತಿಯ ತಮಾಷೆ. ಎಡಕ್ಕಿದ್ದ ಲೋಟ ಮೊಣಕೈ ತಾಗಿ ಉರುಳಿತು. ಕಣ್ಣೆಲ್ಲಿಟ್ಟಿದ್ದೀರಿ ಅಂದಳು, ಸುಮ್ಮನೆ. ಬಟ್ಟೆ ತಂದು ನೆಲ ಒರೆಸಿದೆ.

ಹೋದ ತಿಂಗಳು ಪ್ರಾಕ್ಟೀಸಿನಲ್ಲಿ ಕುದುರೆಯಿಂದ ಬಿದ್ದೆನಲ್ಲ, ಅಂದಿನಿಂದ ಎಡಗಣ್ಣಿನಲ್ಲಿ ಬರೀ ಮಬ್ಬು. ಯಾರಿಗೂ ಹೇಳಿಲ್ಲ. ಹೇಳಿದರೆ ಜಾಕಿ ಲೈಸೆನ್ಸ್ ಹೋಯಿತು. ಮೂವತ್ತಾರು ವಯಸ್ಸು. ಕುದುರೆ ಇಳಿದರೆ ಬೇರೆ ಕೆಲಸ ಬಾರದು.

ಫೆಬ್ರವರಿ 11
ಕಣ್ಣಿನ ಪರೀಕ್ಷೆ. ಹೊರಗೆ ಬೆಂಚಿನ ಮೇಲೆ ಕುಳಿತೇ, ತೆರೆದ ಬಾಗಿಲಿನಿಂದ ಚಾರ್ಟ್ ಪೂರ್ತಿ ಬಾಯಿಪಾಠ ಮಾಡಿಕೊಂಡೆ. ಸ್ಕೂಲಿನಲ್ಲಿ ಮಗ್ಗಿ ಕಲಿಯದವನು! ಡಾಕ್ಟರ್ ಬಲಗಣ್ಣು ಮುಚ್ಚಿದರು, ಗಿಣಿಯ ಹಾಗೆ ಒಪ್ಪಿಸಿದೆ. ನನಗಿಂತ ನಿನ್ನ ಕಣ್ಣೇ ವಾಸಿ ಅಂದು ಸಹಿ ಹಾಕಿದರು. ಬೀಸುವ ದೊಣ್ಣೆ ತಪ್ಪಿತು... ಈ ಸಲ.

ಫೆಬ್ರವರಿ 20
ಉಪಾಯ ಸಿಕ್ಕಿದೆ. ನಮ್ಮ ಟ್ರ್ಯಾಕಿನಲ್ಲಿ ಓಟ ಎಡಕ್ಕೆ ತಿರುಗುತ್ತದೆ, ಒಳಬೇಲಿ ಯಾವಾಗಲೂ ಎಡಕ್ಕೇ. ಬೇಲಿಗೆ ಅಂಟಿಕೊಂಡು ಓಡಿಸಿದರೆ ಎಡಗಡೆ ಯಾರೂ ಇರಲು ಸಾಧ್ಯವಿಲ್ಲ. ಬೂಟಿಗೆ ಬೇಲಿ ಸವರಿದರೆ ಸಾಕು, ದಾರಿ ಗೊತ್ತಾಗುತ್ತದೆ. ಮೂರು ರೇಸ್, ಎರಡು ಗೆಲುವು. ಪೇಪರಿನವನು ‘ಬೇಲಿ ವೀರ’ ಅಂತ ಬರೆದಿದ್ದಾನೆ. ಟ್ರೇನರ್ ಬೆನ್ನು ತಟ್ಟಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಯಾರು ಹೊಗಳಿದರೂ ನನ್ನ ಕಣ್ಣನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಫೆಬ್ರವರಿ 28, ಸಂಜೆ
ನಾಳೆಯ ರೇಸಿಗೆ ಯಾರು ಯಾವ ಗೇಟಿನಿಂದ ಹೊರಡಬೇಕು ಅನ್ನುವ ಡ್ರಾ ಬಂತು. ನನಗೆ ಹೊರಗಿನ ಒಂಬತ್ತನೇ ಗೇಟ್. ಬೇಲಿ ಸೇರಲು ಎಡಗಡೆಯ ಎಂಟು ಕುದುರೆಗಳನ್ನು ದಾಟಬೇಕು. ಬೇಲಿ ಪಕ್ಕದ ಎರಡನೆಯದರಲ್ಲಿ ಇವಳ ತಮ್ಮ. ಅವನಿಗೆ ಲಗಾಮು ಹಿಡಿಯಲು ಕಲಿಸಿದ್ದೇ ನಾನು. ಬೇಲಿಗೆ ಬರೋವಾಗ ನನಗೂ ಒಂಚೂರು ಜಾಗ ಬಿಡಿ ಅಂತ ಫೋನಿನಲ್ಲಿ ಛೇಡಿಸಿದ. ನಕ್ಕೆ.

ಜ್ವರ ಅಂತ ತಪ್ಪಿಸಿಕೊಳ್ಳಲೇ? ಜ್ವರ ಅಂದರೆ ಡಾಕ್ಟರ್ ಬರುತ್ತಾರೆ. ಬಂದರೆ ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಅತ್ತ ದರಿ, ಇತ್ತ ಪುಲಿ. ತುಂಬಾ ಭಯ ಆಗುತ್ತಿದೆ.

ಮಾರ್ಚ್ 5
ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ.

ಗೇಟ್ ತೆರೆದು ಮುನ್ನೂರು ಮೀಟರ್. ಕತ್ತು ಪೂರ್ತಿ ತಿರುಗಿಸಿ ನೋಡಬೇಕಿತ್ತು, ಅರ್ಧ ತಿರುಗಿಸಿದೆ. ಖಾಲಿ ಅನ್ನಿಸಿತು. ಬೇಲಿ ಕಡೆಗೆ ಎಳೆದೆ. ‘ಭಾವ’ ಅಂತ ಒಂದು ಕೂಗು. ಆಮೇಲೆ ಆ ಸದ್ದು.

ಅವನ ಸೊಂಟದ ಮೂಳೆ, ಎರಡು ಪಕ್ಕೆಲುಬು ಮುರಿದಿವೆ. ನಡೆಯುತ್ತಾನಂತೆ. ಕುದುರೆ ಹತ್ತುವ ಮಾತನ್ನು ಡಾಕ್ಟರ್ ಎತ್ತಲಿಲ್ಲ.

ಇವತ್ತು ರೇಸ್ ಕ್ಲಬ್ಬಿನ ವಿಚಾರಣೆಯವರು ಆಸ್ಪತ್ರೆಗೇ ಬಂದರು. ವೀಡಿಯೋದಲ್ಲಿ ಬೇರೆ ಕುದುರೆಗಳು ಅಡ್ಡ, ಸರಿಯಾಗಿ ಕಾಣುವುದಿಲ್ಲವಂತೆ. ‘ನನ್ನ ಕುದುರೆಯೇ ಹೊರಕ್ಕೆ ಎಳೆಯಿತು, ಭಾವನ ತಪ್ಪಿಲ್ಲ’ ಅಂತ ಅವನು ಹೇಳಿಕೆ ಕೊಟ್ಟ. ಅವರು ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡ.

‘ಎಷ್ಟು ದಿನದಿಂದ ಕಾಣಿಸ್ತಿಲ್ಲ ಭಾವ?’

ಕೈ ಬಿಡಿಸಿಕೊಳ್ಳಲು ನೋಡಿದೆ, ಅವನು ಬಿಡಲಿಲ್ಲ.

‘ಅಕ್ಕನಿಗೆ ನೀವೇ ಹೇಳಿ. ನನ್ನ ಬಾಯಲ್ಲಿ ಹೇಳಿಸ್ಬೇಡಿ.’

ಮಾರ್ಚ್ 6, ಮಧ್ಯಾಹ್ನ
ಟ್ರೇನರ್ ಫೋನ್. ಭಾನುವಾರ ನನಗೆ ಕುದುರೆ ಇದೆಯಂತೆ. ಹೂಂ ಅಂದುಬಿಟ್ಟೆ. ಥೂ, ನನ್ನ ಜನ್ಮಕ್ಕೆ.

ಇವಳು ತಮ್ಮನಿಗೆ ಊಟ ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದಾಳೆ. ಬಂದ ಕೂಡಲೇ ಹೇಳಬೇಕು. ಬಾಯಿಗೆ ಬರುತ್ತದೋ ಇಲ್ಲವೋ, ಮೊದಲು ಇಲ್ಲಿ ಬರೆದು ನೋಡುತ್ತೇನೆ. ನಿನ್ನ ತಮ್ಮನನ್ನು ಬೀಳಿಸಿದ್ದು ನಾನು. ನನಗೆ ಎಡಗಡೆ ಕಾಣಿಸುವುದಿಲ್ಲ. ಗೊತ್ತಿದ್ದೂ ಹತ್ತಿದೆ. ಅವನು ಸುಳ್ಳು ಹೇಳುವಾಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಹಾಳೆಯ ಮೇಲೆ ಒಂದು ಹನಿ ಬಿತ್ತು. ನನ್ನದಲ್ಲ. ಎಡಗಡೆ ಇವಳು ಎಷ್ಟು ಹೊತ್ತಿನಿಂದ ನಿಂತಿ—