ಮೂರನೆಯ ಡಬ್ಬಿ

ಸಂಗೀತದ ಕೊಠಡಿಯಿಂದ,
ಮಾರ್ಚ್ ೭, ಶುಕ್ರವಾರ, ಊಟದ ಬಿಡುವು

ಪ್ರೀತಿಯ ಪುಟ್ಟೀ,

ಗಂಟಲು ಹೇಗಿದೆ? ಆಪರೇಷನ್ ಆದ ಮೇಲೆ ಎರಡು ತಿಂಗಳು ಪಿಟ್ಟೆನ್ನಬಾರದು ಎಂದಿದ್ದಾರಂತೆ. ನೀನು ಬಾಯಿ ಮುಚ್ಚಿಕೊಂಡು ಕೂತಿದ್ದೀಯ ಎಂದರೆ ನನಗಂತೂ ನಂಬಿಕೆಯಿಲ್ಲ. ಮಗಳ ಮನೆಯಲ್ಲಿ ಸನ್ನೆಯಲ್ಲೇ ಎಲ್ಲರ ಮೇಲೂ ದರ್ಬಾರು ನಡೆಸುತ್ತಿರುತ್ತೀಯ. ಹೊತ್ತಿಗೆ ಸರಿಯಾಗಿ ಔಷಧಿ ತಗೊ, ತಣ್ಣಗಿನದೇನೂ ಕುಡಿಯಬೇಡ. ನಾನು ಚೆನ್ನಾಗಿದ್ದೇನೆ. ಹೊಟ್ಟೆಕಿಚ್ಚೊಂದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ನಗಬೇಡ, ನಿಜವಾಗಿಯೇ ಹೇಳುತ್ತಿದ್ದೇನೆ. ನಿನ್ನ ಬದಲಿಗೆ ಈ ತರಗತಿ ಹಿಡಿದು ಐದು ವಾರವಾಯಿತು. ಇಪ್ಪತ್ತೆಂಟು ಮಕ್ಕಳು, ಇಪ್ಪತ್ತೆಂಟು ಬಾಯಲ್ಲೂ ನೀನೇ. “ಆ ಮಿಸ್ಸು ಹೀಗ್ ಮಾಡ್ತಿರ್ಲಿಲ್ಲ”, “ಆ ಮಿಸ್ಸು ಮೊದ್ಲು ನಮ್ಮನ್ನ ಕೇಳ್ತಿದ್ರು.” ಕೇಳಿ ಕೇಳಿ ಮೈಯೆಲ್ಲ ಉರಿಯುತ್ತದೆ. ಕಿಟಕಿಯ ಕಟ್ಟೆಯ ಮೇಲೆ ನೀನು ಇಟ್ಟುಹೋದ ಮೂರು ಬಿಸ್ಕತ್ತಿನ ಡಬ್ಬಿಗಳನ್ನು ಮೊದಲ ದಿನವೇ ಬೀರುವಿನೊಳಗೆ ತುರುಕಿದ್ದೆ. ‘ಬಂತು’, ‘ಜೊತೆಗೆ ಯಾರಾದರೂ ಇದ್ದರೆ ಬರುತ್ತದೆ’, ‘ಇನ್ನೂ ಬಂದಿಲ್ಲ.’ ಪಾಠ ಮುಗಿದ ಮೇಲೆ ಮಕ್ಕಳು ತಮ್ಮ ಹಾಡನ್ನು ತಾವೇ ಅಳೆದು ಒಂದೊಂದು ಅಂಗಿಯ ಗುಂಡಿ ಹಾಕುವುದಂತೆ, ಆ ಗುಂಡಿಗಳನ್ನು ನೋಡಿ ನೀನು ಮಾರನೆಯ ಪಾಠ ಶುರುಮಾಡುವುದಂತೆ! ಹಾಡು ಬಂತೋ ಇಲ್ಲವೋ ಎಂದು ಹೇಳಬೇಕಾದವಳು ಟೀಚರೋ, ಮೂಗು ಸುರಿಸುವ ಮಕ್ಕಳೋ ಎಂದುಕೊಂಡೆ.

ಆದರೆ ಹೊಟ್ಟೆಕಿಚ್ಚು ಸುಮ್ಮನಿರಬೇಕಲ್ಲ. ನಿನಗಿಂತ ಒಂದು ಕೈ ಮೇಲೆಂದು ತೋರಿಸಲು ಹೋದ ವಾರ ಡಬ್ಬಿಗಳನ್ನು ಹೊರಗೆ ತೆಗೆದು ನನ್ನ ಮೇಜಿನ ಮೇಲೇ ಇಟ್ಟೆ. ಒಬ್ಬೊಬ್ಬರೂ ಬಂದು ಗುಂಡಿ ಹಾಕುವುದನ್ನು ಎವೆಯಿಕ್ಕದೆ ನೋಡಿದೆ. ಇಪ್ಪತ್ತೆಂಟೂ ‘ಬಂತು’ ಡಬ್ಬಿಗೆ! ಕುಣಿದಾಡುವುದೊಂದು ಬಾಕಿ. ನೇರ ಹೆಡ್‌ಮಿಸ್ ಹತ್ತಿರ ಹೋಗಿ ಜಂಬ ಕೊಚ್ಚಿಕೊಂಡೆ. “ಹಾಗಾದ್ರೆ ಈ ಕ್ಲಾಸು ನಿಮಗೇ ಇರ್ಲಿ, ತಂಗಿಗೆ ಚಿಕ್ಕ ಮಕ್ಕಳನ್ನ ಕೊಡೋಣ. ಮುಂದಿನ ಶುಕ್ರವಾರ ಹೇಳಿ” ಎಂದರು. ನಿನ್ನಿಂದ ಬಚ್ಚಿಡಲಾರೆ, ನನಗೆ ಖುಷಿಯಾಯಿತು ಪುಟ್ಟೀ, ಬಹಳ ಖುಷಿಯಾಯಿತು.

ಮಾರನೆಯ ದಿನ ಒಬ್ಬೊಬ್ಬರನ್ನೇ ಹಾಡಿಸಿದರೆ, ಎರಡನೆಯ ಸಾಲಿನಲ್ಲಿ ಬರುವ ಮೇಲಿನ ಸ್ವರಕ್ಕೆ ಬರುವಷ್ಟರಲ್ಲಿ ಎಲ್ಲರ ದನಿಯೂ ಕುಸಿಯಿತು. ಬಂತು ಎಂದಿರಲ್ಲ ಎಂದು ಗದರಿದೆ. ಮುಂದಿನ ಬೆಂಚಿನ ಎರಡು ಜಡೆಯವಳು ತಲೆ ತಗ್ಗಿಸಿಕೊಂಡೇ, “ನೀವು ನೋಡ್ತಾ ಇದ್ರಲ್ಲ ಮಿಸ್. ಆ ಮಿಸ್ಸು ಕಿಟಕಿ ಕಡೆ ತಿರುಗಿ ನಿಂತ್ಕೊಳ್ತಿದ್ರು” ಎಂದಳು. ನಿನ್ನೆ ನಾನೂ ತಿರುಗಿ ನಿಂತೆ. ಹತ್ತೊಂಬತ್ತು ಗುಂಡಿ ಮೂರನೆಯ ಡಬ್ಬಿಯಲ್ಲಿ. ಇವತ್ತು ಬೆಳಿಗ್ಗೆ ಹಾಡನ್ನೆಲ್ಲ ಬದಿಗಿಟ್ಟು ಆ ಒಂದು ಸ್ವರವನ್ನೇ ಹಿಡಿದು ಕೂತೆವು. ಕೀಬೋರ್ಡಿನಲ್ಲಿ ಒತ್ತಿ ತೋರಿಸಿದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿದೆ. ಆರು ಮಕ್ಕಳು ಮುಟ್ಟಿದರು. ನಾನು ಹಾಡಿ ಮಾತ್ರ ತೋರಿಸಲಿಲ್ಲ.

ಅಪ್ಪ ನೆನಪಾದರು. ಇಬ್ಬರನ್ನೂ ಎದುರು ಕೂರಿಸಿಕೊಂಡು, ಪಾಠ ಮುಗಿದ ಮೇಲೆ “ಬಂತಾ?” ಎನ್ನುತ್ತಿದ್ದರಲ್ಲ. ನಾನು ತಟ್ಟನೆ “ಬಂತಪ್ಪಾ” ಎನ್ನುತ್ತಿದ್ದೆ, ಸರಿ ಏಳು ಎನ್ನುತ್ತಿದ್ದರು. ನೀನು “ಇನ್ನೂ ಬಂದಿಲ್ಲಾ” ಎಂದು ಎಳೆಯುತ್ತಿದ್ದೆ, ನಿನ್ನ ಜೊತೆ ಇನ್ನೂ ಅರ್ಧ ಗಂಟೆ ಕೂರುತ್ತಿದ್ದರು. ಅಪ್ಪನಿಗೆ ನೀನೇ ಮುದ್ದು ಎಂದು ನಲವತ್ತು ವರ್ಷ ಉರಿದುಕೊಂಡೆ.

ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು, ಸನ್ನೆಯಲ್ಲೇ. ನಿನ್ನ ಗಂಟಲು ಮೊದಲಿನಂತೆಯೇ ಆಗಲಿ.

ಹೊಟ್ಟೆ ಉರಿದುಕೊಂಡೇ ಹಾರೈಸುವ
ನಿನ್ನ ಅಕ್ಕ

ಮರೆತ ಮಾತು: ಬೆಲ್ ಹೊಡೆಯುತ್ತಿದೆ. ಈಗಷ್ಟೇ ಹೋಗಿ ಹೆಡ್‌ಮಿಸ್‌ಗೆ ಬೇಡವೆಂದು ಹೇಳಿ ಬಂದೆ, ಕ್ಲಾಸು ನಿನ್ನದೇ. ಇನ್ನೊಂದು ವಿಷಯ. ಬೆಳಿಗ್ಗೆ ಮಕ್ಕಳೆಲ್ಲ ಹೋದ ಮೇಲೆ ನಾನೂ ಮೂರನೆಯ ಡಬ್ಬಿಗೆ ಒಂದು ಗುಂಡಿ ಹಾಕಿದೆ. ಆ ಮೇಲಿನ ಸ್ವರ ನನಗೆ ಅಪ್ಪ ಇದ್ದಾಗಲೂ ಬಂದಿರಲಿಲ್ಲ, ಈಗಲೂ ಬರುವುದಿಲ್ಲ. ಹುಷಾರಾಗಿ ಬಂದ ಮೇಲೆ ನನ್ನ ಜೊತೆ ಅರ್ಧ ಗಂಟೆ ಕೂರು. ಕಿಟಕಿ ಕಡೆ ತಿರುಗುವುದೇನೂ ಬೇಡ.