ಮುಚ್ಚಿದ ಬೆಳಕಿಂಡಿಗಳು

ಲಕ್ಷ್ಮೇಶ್ವರ, ೧೨ ಏಪ್ರಿಲ್ ೧೯೭೯, ಗುರುವಾರ

ಇಂದೂ ಆ ಅರ್ಜಿಗೆ ಸಹಿ ಹಾಕಲಿಲ್ಲ. ನಮ್ಮ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಹಳೆಯ ವಾಡೆಯ ವಾಚನಾಲಯಕ್ಕೆ ಆರು ಬಲ್ಬು, ಎರಡು ಫ್ಯಾನು ಬೇಕಂತೆ. ತಂತಿ ಎಳೆಯಲು ಕೆತ್ತನೆಯ ಕಂಬಗಳಿಗೇ ಮೊಳೆ ಹೊಡೆಯಬೇಕು. ನಡುಹಗಲಲ್ಲೂ ಒಳಗೆ ಅಕ್ಷರ ಕಾಣುವುದಿಲ್ಲ, ಕುದಿಯುವಂಥ ಸೆಕೆ.

ಮೊದಲು ಹೀಗಿರಲಿಲ್ಲ. ಮಣ್ಣಿನ ಮಾಳಿಗೆಯ ನಾಲ್ಕು ಬೆಳಕಿಂಡಿಗಳಿಂದ ಬಿಸಿಲು ಒಳಗಿಳಿಯುತ್ತಿತ್ತು, ಬಿಸಿಗಾಳಿ ಹೊರಹೋಗುತ್ತಿತ್ತು. ಹೋದ ವರ್ಷ ಮಳೆನೀರು ಇಳಿಯಿತೆಂದು ಅವುಗಳ ಮೇಲೆ ಸಿಮೆಂಟು ಬಳಿಸಿದ ಓವರ್‌ಸಿಯರ್ ನಾನೇ.

ಅಲ್ಲಿ ಕಸ ಗುಡಿಸುವ ಮುದುಕಿ ಶಂಕ್ರೆವ್ವನನ್ನು ಸಂಜೆ ಕೇಳಿದೆ, ಮೊದಲೆಲ್ಲ ಮಳೆಗೆ ಏನು ಮಾಡುತ್ತಿದ್ದಿರೆಂದು.

"ಹನಿ ಬಿದ್ದ ಕೂಡ್ಲೆ ಮಾಳಿಗಿ ಹತ್ತಿ ಕಲ್ಲು ಮುಚ್ಚತಿದ್ನಿರಿ, ಮಳಿ ನಿಂತ ಮ್ಯಾಲೆ ಸರಸತಿದ್ನಿ. ಹೋದ ವರ್ಷ ಮಗಳ ಬಾಣಂತನಕ್ಕ ಯಳವತ್ತಿಗೆ ಹೋಗಿದ್ನಿ. ಯಾರೂ ಮುಚ್ಚಲಿಲ್ಲ."

"ಆಗ್ಯಾಕ ಹೇಳಲಿಲ್ಲಬೇ?"

"ನೀವೆಲ್ಲಿ ಕೇಳಿದ್ರಿ ಸಾಹೇಬ್ರ?"

ಮಲಗಿದರೆ ಅದೇ ಮಾತು. ಎದ್ದು ವರದಿ ಬರೆಯಲು ಕುಳಿತೆ. ಫ್ಯಾನು ಬೇಡ, ಸಿಮೆಂಟು ತೆಗೆಸಬೇಕು ಎಂಬಲ್ಲಿಯವರೆಗೆ ಪೆನ್ನು ಸರಾಗವಾಗಿ ಓಡಿತು. ಬಳಿಸಿದವರು ಯಾರು ಎಂಬಲ್ಲಿ 'ಇಲಾಖೆ' ಎಂದು ಬರೆದೆ, ಹೊಡೆದುಹಾಕಿದೆ. 'ಹಿಂದಿನವರು' ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಇನ್ನುಳಿದದ್ದು ನನ್ನ ಹೆಸರು.