ಕಾಶವ್ವನ ಫೋನಿನಲ್ಲಿರುವ ದೆವ್ವವನ್ನು ಕುರಿತು

ಮಾನ್ಯ ದೂರವಾಣಿ ಅಧಿಕಾರಿಗಳೇ,

ಮಳೆ ಹಿಡಿದಾಗಿನಿಂದ ಪೀರನವಾಡಿಯ ನನ್ನ ಮನೆಯ ಇಂಟರ್‌ನೆಟ್ ಹೇಳದೆ ಕೇಳದೆ ಕಡಿದುಹೋಗುತ್ತಿದೆ. ತಮ್ಮ ಕಚೇರಿಗೆ ದೂರು ಕೊಟ್ಟೆ. ‘ದೋಷವಿಲ್ಲ’ ಎಂದು ಷರಾ ಬರೆದು ತಾವು ಅದನ್ನು ಮುಗಿಸಿದಿರಿ. ದೂರು ಮುಗಿಯಿತು, ದೋಷ ಮುಗಿಯಲಿಲ್ಲ. ಹಾಗಾಗಿ ಊರ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ವ್ಯವಧಾನವಿದ್ದರೆ ಓದಿ. ಇಲ್ಲದಿದ್ದರೆ ಇದರ ಮೇಲೂ ಅದೇ ಷರಾ ಬರೆಯಿರಿ, ಕೈಗೆ ರೂಢಿಯಾಗಿದೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಶಾಲೆಯಿಂದ ಬಂದು ಕಂಪ್ಯೂಟರಿನಲ್ಲಿ ಯಾವುದೋ ದೇಶದ ಯಾರೊಂದಿಗೋ ಚದುರಂಗ ಆಡುವುದು ನನಗಿರುವ ಒಂದೇ ಚಟ. ಫೋನಿನ ತಂತಿಯಲ್ಲೇ ಇಂಟರ್‌ನೆಟ್ ತರುವ ಮೋಡೆಮ್ ಕಿರುಚಿ, ಕೆಮ್ಮಿ, ದೊಡ್ಡ ಮನಸ್ಸು ಮಾಡಿ ಒಳಗೆ ಬಿಟ್ಟರೆ ಆಟ ಶುರು. ಆದರೆ ನಡುವೆ ಎದ್ದುಹೋದವರು ಸೋತಂತೆ ಎಂಬುದು ಅಲ್ಲಿನ ನಿಯಮ. ನಾನು ಗೆಲ್ಲುವ ಹೊತ್ತಿಗೇ ತಮ್ಮ ತಂತಿ ಕೈಕೊಟ್ಟರೆ? ನಾರ್ವೆಯ ಸಜ್ಜನನೊಬ್ಬ ಬರೆದ: ‘ಚೆನ್ನಾಗಿ ಆಡುತ್ತೀರಿ, ಆದರೆ ಯಾಕೆ ಓಡಿಹೋಗುತ್ತೀರಿ?’ ಕಿತ್ತೂರಿನ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಓಡಿಹೋಗುವವಳು ಎಂದು ಸಮುದ್ರದಾಚೆಯವನಿಂದ ಅನ್ನಿಸಿದ ಕೀರ್ತಿ ತಮ್ಮದು.

ತಮ್ಮ ಲೈನ್‌ಮನ್ ಭರಮಣ್ಣ ಬಂದಿದ್ದರು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, “ಟೋನ್ ಚಲೋ ಐತಲ್ರೀ ಅಕ್ಕೋರ,” ಎಂದರು.

“ಟೋನ್ ಐತ್ರಿ, ಇಂಟರ್‌ನೆಟ್ ಕಡೀತೈತಿ.”

“ಹಂಗಾರ ನಿಮ್ಮ ಕಂಪ್ಯೂಟರಿನ ತಬ್ಬೇತಿ ನೆಟ್ಟಗಿಲ್ಲ ಬಿಡ್ರಿ.”

ಚಹಾ ಕುಡಿದು ಎದ್ದರು. ಹೋಗುವಾಗ ನಗುತ್ತ, “ಹಿಂದಿನ ಓಣಿ ಕಾಶವ್ವನ ಮನೀಗೂ ಹೋಗೂದೈತಿ. ಆಕಿ ಫೋನ್‌ನ್ಯಾಗ ದೆವ್ವ ಚೀರತೈತಂತ!” ಎಂದರು. ನಾನೂ ನಕ್ಕೆ. ಕಂಬ ಹತ್ತಿ ನೋಡಲು ಅವರ ಬಳಿ ಏಣಿ ಇರಲಿಲ್ಲ. ದೂರವಾಣಿ ಕಚೇರಿಗೆ ಏಣಿ ಯಾಕೆ ಬೇಕು ಅನ್ನುತ್ತೀರಾ? ಅದೂ ಸರಿಯೇ.

ಮಳೆಗೆಂದು ಶಾಲೆಗೆ ರಜೆ ಕೊಟ್ಟ ದಿನ ಬೆಳಿಗ್ಗೆಯೇ ಅದೇ ನಾರ್ವೆಯವನ ಎದುರು ಕುಳಿತಿದ್ದೆ. ಇನ್ನೊಂದು ನಡೆ ನಡೆಸಿದರೆ ಅವನ ರಾಜ ಸಿಕ್ಕಿಬೀಳುತ್ತಿದ್ದ. ಅಷ್ಟರಲ್ಲಿ ಸಂಪರ್ಕ ಕಡಿಯಿತು, ಬೆನ್ನಿಗೇ ಫೋನು ಹೊಡೆದುಕೊಂಡಿತು. ಎತ್ತಿದೆ. ಗಂಡಸಿನ ದನಿಯೊಂದು ನನಗೆ ಬಾಯಿ ತೆರೆಯಲೂ ಬಿಡಲಿಲ್ಲ:

“ಅತ್ತೀ, ನಾ ಬಾಳೇಶ! ಲಕ್ಷ್ಮೀಗೆ ಬ್ಯಾನಿ ಸುರು ಆಗ್ಯಾವ. ಕಣಕುಂಬಿಯಿಂದ ಜೀಪ್ ಮಾಡ್ಕೊಂಡು ಖಾನಾಪುರ ದವಾಖಾನಿಗೆ ಹೊಂಟೇವಿ. ಎಷ್ಟ ಸಲ ಹಚ್ಚಿದ್ರೂ ಎತ್ತವಲ್ರಿ! ಲಗೂನ ಬರ್ರಿ!” ಇಟ್ಟೇಬಿಟ್ಟ.

ನನಗೆ ಮಗಳಿಲ್ಲ, ಅಳಿಯ ಎಲ್ಲಿಂದ ಬರಬೇಕು? ಯಾರದೋ ತಪ್ಪು ನಂಬರು ಎಂದುಕೊಂಡೆ. ಆದರೆ ಆ ‘ಎತ್ತವಲ್ರಿ’ ಎಂಬ ಮಾತು ಒಳಗೇ ಕೊರೆಯತೊಡಗಿತು. ಮಗಳು ದಿನ ತುಂಬಿ ಕುಳಿತಿರುವಾಗ ಯಾವ ತಾಯಿ ಫೋನು ಎತ್ತದೆ ಇದ್ದಾಳು? ಫೋನಿಗೇ ಹೆದರಿದವಳು! ಭರಮಣ್ಣ ಹೇಳಿದ ದೆವ್ವ ನೆನಪಾಯಿತು. ನನ್ನ ಮೋಡೆಮ್ ಚೀರುವುದೂ ಹಾಗೆಯೇ ಅಲ್ಲವೇ? ಕೊಡೆ ಹಿಡಿದು ಹಿಂದಿನ ಓಣಿಗೆ ಓಡಿದೆ.

ಕಾಶವ್ವನ ಮನೆಯಲ್ಲಿ ಫೋನು ಮೂಲೆಯಲ್ಲಿ ಕೌದಿ ಹೊದ್ದು ಮಲಗಿತ್ತು. ಮೇಲೊಂದು ಮಂತ್ರಿಸಿದ ಲಿಂಬೆಹಣ್ಣು.

“ಮುಟ್ಟಬ್ಯಾಡ್ರಿ ಅಕ್ಕೋರ! ಎತ್ತಿದ್ರ ಚಿಟ್ಟನ ಚೀರತೈತಿ!”

“ಕಣಕುಂಬಿಯಾಗ ನಿಮಗ ಲಕ್ಷ್ಮೀ ಅಂತ ಮಗಳದಾಳೇನ್ರೀ?”

“ಅದಾಳ. ಯಾಕ್ರೀ?”

ಹೇಳಿದೆ. ಆ ಹೆಂಗಸು ಆಗಲೇ ಚಪ್ಪಲಿ ಮೆಟ್ಟಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಕೆ ನನ್ನ ಕೈ ಬಿಡಲಿಲ್ಲ. ಅತ್ತ ಜಾಂಬೋಟಿಯ ಹತ್ತಿರ ಮರ ಬಿದ್ದು ಜೀಪು ತಡವಾದ್ದರಿಂದ ದವಾಖಾನೆಗೆ ನಾವೇ ಮೊದಲು ಹೋಗಿ ಮುಟ್ಟಿದೆವು. ಜೀಪು ಬಂದಾಗ ಒಳಗಿನಿಂದ ಕೇಳಿದ್ದು ಒಂದೇ ಮಾತು: “ನಮ್ಮವ್ವ ಬರೂತನಕ ನಾ ಹಡ್ಯಾಂಗಿಲ್ಲ!” ಅವ್ವ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಲಕ್ಷ್ಮೀ ತಾಯಿಯ ಕೊರಳಿಗೆ ಬಿದ್ದು ಅತ್ತ ಅಳುವಿಗೆ ನನ್ನ ಕಣ್ಣೂ ತೇವವಾಯಿತು.

“ಫೋನ್‌ನ್ಯಾಗ ಒಂದ ಮಾತೂ ಆಡಲಿಲ್ಲ ಅತ್ತೀ. ಸಿಟ್ಟಾಗೀರೇನ ಅಂತ ಮಾಡಿದ್ದೆ,” ಎಂದ ಬಾಳೇಶ.

“ನಾ ಎಲ್ಲಿ ಎತ್ತೀನೋ? ನೀ ಹೇಳಿದ್ದು ಈ ಅಕ್ಕೋರಿಗೆ!”

ಸಂಜೆಗೆ ಹೆಣ್ಣುಕೂಸು ಹುಟ್ಟಿತು. ತಾಯಿ, ಮಗು, ಅಜ್ಜಿ ಮೂವರೂ ಕ್ಷೇಮ. ತಮ್ಮ ತಂತಿ ಮಾತ್ರ ಇದ್ದ ಹಾಗೆಯೇ ಇದೆ.

ಊರಿಗೆ ಮರಳಿದ ಮೇಲೆ ನಾವಿಬ್ಬರೂ ತಮ್ಮ ಎದುರು ಬಂದು ನಿಂತೆವು. ಎರಡೂ ಮನೆಗಳ ತಂತಿ ಒಂದೇ ಕಂಬದ ಡಬ್ಬಿಯಿಂದ ಬಂದಿದೆ, ಒಳಗೆ ನೀರಿಳಿದು ಒಂದಕ್ಕೊಂದು ತಗುಲುತ್ತಿರಬೇಕು, ಆಕೆ ಎತ್ತಿದರೆ ನನ್ನದು ಕಡಿಯುತ್ತದೆ, ಆಕೆಗೆ ಬಂದ ಕರೆ ನನ್ನ ಮನೆಯಲ್ಲಿ ಹೊಡೆದುಕೊಳ್ಳುತ್ತದೆ, ನಾನು ಹಚ್ಚಿದರೆ ಆಕೆಯದು ಚೀರುತ್ತದೆ ಎಂದು ಬಿಡಿಸಿ ಹೇಳಿದೆ. ತಾವು ಕನ್ನಡಕ ಸರಿಮಾಡಿಕೊಂಡು, “ಇವು ಎರಡು ಬ್ಯಾರೆ ಬ್ಯಾರೆ ದೂರು ಅದಾವ್ರಿ, ಕೂಡಿಸಾಕ ಬರಂಗಿಲ್ಲ,” ಎಂದಿರಿ. ಸ್ವಾಮಿ, ದೂರುಗಳನ್ನು ಇಷ್ಟು ಮಡಿಯಿಂದ ಬೇರೆ ಬೇರೆ ಇಡಬಲ್ಲ ತಾವು ತಂತಿಗಳನ್ನು ಯಾಕೆ ಹಾಗೆ ಇಡಲಾರಿರಿ?

ಸದ್ಯಕ್ಕೆ ನಾವೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಕಾಶವ್ವ ಹಿತ್ತಲ ಗೋಡೆಯ ಬಳಿ ನಿಂತು, “ಅಕ್ಕೋರ, ನಿಮ್ಮ ದೆವ್ವಾನ್ನ ಜರಾ ಸುಮ್ನ ಕುಂದ್ರಸ್ರಿ, ಫೋನ್ ಮಾಡೂದೈತಿ!” ಎಂದು ಕೂಗುತ್ತಾಳೆ. ನಾನು ಆಟ ಬಿಟ್ಟು ಏಳುತ್ತೇನೆ. ಈ ಕೂಗು ಇಡೀ ಓಣಿಗೆ ಕೇಳುವುದರಿಂದ ನನ್ನ ಮನೆಗೆ ಮೊಸರು ಹಾಕುವವಳು ಈಗ ಹೊರಗಿನಿಂದಲೇ ಪಾತ್ರೆ ಕೇಳುತ್ತಾಳೆ. ಇಷ್ಟನ್ನೂ ಸಹಿಸಬಹುದಿತ್ತು.

ಆದರೆ ಲಕ್ಷ್ಮೀ ಈಗ ಬಾಣಂತನಕ್ಕೆ ತವರಿನಲ್ಲಿದ್ದಾಳೆ. ಬಾಳೇಶ ಕಣಕುಂಬಿಯ ಅಂಗಡಿಯೊಂದರಿಂದ ಫೋನು ಹಚ್ಚಿ ಕೂಸಿನ ದನಿ ಕೇಳಿ ಹೋಗುತ್ತಾನೆ. ಮೊನ್ನೆ ಕಾಶವ್ವ ಕೂಗಲು ಮರೆತಳು. ಅಳಿಯನ ಫೋನು ಬಂತೆಂದು ರಿಸೀವರನ್ನು ಕೂಸಿನ ಬಾಯಿಗೆ ಹಿಡಿದ ಹೊತ್ತಿಗೇ ಇತ್ತ ನಾನು ಮೋಡೆಮ್ ಹಚ್ಚಿದೆ. ಮೈನವಿರೇಳಿಸುವಂಥ ಆ ಚೀರಾಟ ಕೇಳಿದ ಬಾಳೇಶ ಮಗಳಿಗೆ ಏನೋ ಆಯಿತೆಂದು ಸಿಕ್ಕ ಲಾರಿ ಹತ್ತಿ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಪೀರನವಾಡಿಗೆ ಬಂದು ಬಿದ್ದ. ಕೂಸು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಅವನು ತೊಟ್ಟಿಲು ಹಿಡಿದು ನಿಂತೇ ಇದ್ದ. ಮಳೆಯಲ್ಲಿ ಓಡಿಬಂದದ್ದಕ್ಕೆ ಬೈಯಲು ಬಂದ ಕಾಶವ್ವ ಅವನಿಗೆ ತಲೆ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟಳು.

ಆದ್ದರಿಂದ ಬೇಡುವುದಿಷ್ಟೇ: ಏಣಿಯೊಂದಿಗೆ ಒಬ್ಬರನ್ನು ಕಳಿಸಿ, ಆ ಡಬ್ಬಿ ಬಿಚ್ಚಿಸಿ, ಎರಡು ತಂತಿಗಳನ್ನು ಬೇರೆ ಮಾಡಿಸಿ. ನಾನು ಸೋತರೆ ನನ್ನ ತಪ್ಪಿನಿಂದ ಸೋಲುತ್ತೇನೆ. ಆ ತಂದೆಗೆ ಮಾತ್ರ ಅವನ ಮಗಳ ಅಳುವನ್ನೇ ಕೇಳಿಸಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಸುಖವಾಗಿರುವ ಚಂದಾದಾರಳು,
ಪ್ರಮಿಳಾ, ಪೀರನವಾಡಿ